ಚೀಟಿಯಲ್ಲಿದ್ದ ಆಂಟಿ

ನಮ್ಮ ಬೇಕರಿಯಲ್ಲಿ ಅವಳನ್ನು ಕರೆಯುವುದೇ ಹದದಕ್ಕ ಅಂತ. ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಮುಂದೆ ನಿಂತು ಬ್ರೆಡ್ಡಿನ ಹಿಟ್ಟು ನಾದಿದವಳು. ಕಲಸುವ ಯಂತ್ರ ಬಂದ ಮೇಲೂ ಕೊನೆಯ ಮಾತು ಅವಳದೇ. ಎರಡು ಬೆರಳಿನಿಂದ ಹಿಟ್ಟನ್ನು ಒತ್ತಿ, ಅದು ಮೇಲೇಳುವುದನ್ನು ನೋಡಿ, "ಇನ್ನೂ ಹತ್ತು ನಿಮಿಷ" ಅಂದರೆ ಹತ್ತೇ ನಿಮಿಷ. ಒಲೆಯವನು ಗಡಿಯಾರ ನೋಡುವುದನ್ನೇ ಬಿಟ್ಟಿದ್ದ. ಅಂಥವಳನ್ನು ಆ ಮೇಜಿನಿಂದ ದೂರ ಮಾಡಿದರಲ್ಲ, ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ನಾನು ಅದೇ ಕೋಣೆಯಲ್ಲಿ ಬ್ರೆಡ್ ಕತ್ತರಿಸಿ, ಕವರಿಗೆ ತುಂಬಿ, ಕೆಂಪು ದಾರದಿಂದ ಬಾಯಿ ಕಟ್ಟುವವಳು. ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ.

ಎರಡು ವರ್ಷದಿಂದ ಅವಳಿಗೆ ಹೊಟ್ಟೆನೋವು. ದಿನಕ್ಕೆ ಏಳೆಂಟು ಸಲ ಕಕ್ಕಸಿಗೆ ಓಡಬೇಕು, ಒಂದೊಂದು ಸಲ ರಕ್ತವೂ ಹೋಗುತ್ತಿತ್ತು. ನಮ್ಮಲ್ಲಿ ಕಕ್ಕಸಿನ ಬೀಗದ ಕೈ ತೂಗುವುದು ಮಾಲೀಕರ ಕುರ್ಚಿಯ ಹಿಂದಿನ ಮೊಳೆಗೆ. ಐವತ್ತು ದಾಟಿದ ಹೆಂಗಸು ಗಿರಾಕಿಗಳ ಎದುರಿಗೇ ಹೋಗಿ, ಪ್ರತಿ ಸಲವೂ ಅದನ್ನು ಕೇಳಿ ಪಡೆಯಬೇಕು. ಕೌಂಟರಿನಲ್ಲಿ ಕೂರುವ ಮಾಲೀಕರ ಅಳಿಯ, "ಮತ್ತೆ ಬಂದ್ರಾ ಆಂಟಿ?" ಅನ್ನುತ್ತಿದ್ದ, ಎಲ್ಲರಿಗೂ ಕೇಳುವ ಹಾಗೆ. ನಮಗೆಲ್ಲ ಅಕ್ಕನಾದವಳು ಅವನಿಗೊಬ್ಬನಿಗೆ ಆಂಟಿ.

ಮೊದಲ ಡಾಕ್ಟರು ಗ್ಯಾಸ್ ಅಂದರು. ಎರಡನೆಯವರು ಟೆನ್ಷನ್ ಅಂದರು. "ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ ಕಣಮ್ಮ" ಅಂದವರೂ ಉಂಟು. ಅವರ ವಯಸ್ಸಿಗೆ ಏನೇನು ಇರುತ್ತದೋ ನೋಡೋಣ ಬಿಡಿ! ಹದದಕ್ಕ ಒಣಗಿ ಕಡ್ಡಿಯಾದಳು. ಕೊನೆಗೆ ದೊಡ್ಡಾಸ್ಪತ್ರೆಯ ಕರುಳಿನ ಡಾಕ್ಟರಮ್ಮ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಮಲ ಪರೀಕ್ಷೆ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಕೊಳವೆ ಹಾಕಿ ಕರುಳಿನ ಒಳಗೆ ನೋಡುವುದಕ್ಕೆ ಒಂದು ದಿನವನ್ನೂ ಗೊತ್ತುಮಾಡಿದರು.

ಆ ದಿನಕ್ಕೆ ರಜೆ ಬೇಕಲ್ಲ, ಹದದಕ್ಕ ರಕ್ತ ಪರೀಕ್ಷೆಯ ಚೀಟಿ ಹಿಡಿದುಕೊಂಡು ಕೌಂಟರಿಗೆ ಹೋದಳು. ಎಡವಟ್ಟಾದದ್ದು ಅಲ್ಲೇ. ಚೀಟಿಯಲ್ಲಿ "ಆಂಟಿ" ಅಂತ ಶುರುವಾಗುವ ಒಂದು ಮಾರುದ್ದದ ಹೆಸರು, ಅದರ ಮುಂದೆ "ಪಾಸಿಟಿವ್". ಮಹಾನುಭಾವ ಅಳಿಯ ಅದನ್ನು ಫೋನಿನಲ್ಲಿ ಹುಡುಕಿದ. ಹುಡುಕುವಾಗ ಮೊದಲಿನ "ಆಂಟಿ"ಯನ್ನು ಬಿಟ್ಟುಬಿಟ್ಟ. ಫೋನಾದರೂ ಏನು ಮಾಡೀತು, ಕೇಳಿದ್ದಕ್ಕೆ ಉತ್ತರ ಕೊಟ್ಟಿತು: ಬ್ರೆಡ್ಡಿನ ಹಿಟ್ಟು ಉಬ್ಬಲು ಹಾಕುವ ಈಸ್ಟ್.

"ಮಾವ, ಇಲ್ನೋಡಿ! ಆಂಟಿ ರಕ್ತದಲ್ಲಿ ಈಸ್ಟ್ ಇದೆಯಂತೆ. ಪಾಸಿಟಿವ್!"

ಪಾಸಿಟಿವ್ ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಮಾಲೀಕರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. "ನಾಳೆಯಿಂದ ಹಿಟ್ಟು ಮುಟ್ಟಬೇಡಮ್ಮ. ಟ್ರೇ ತೊಳಿ."

"ಇದು ಅಂಟೋದಲ್ಲ ಅಂತ ಡಾಕ್ಟರಮ್ಮ ಹೇಳಿದ್ದಾರೆ, ಧಣಿ."

"ಅವರಿಗೇನು, ಹೇಳ್ತಾರೆ. ಬೇಕರಿ ನಡೆಸೋರು ನಾವು."

ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಎರಡೇ ಮಾತಿನಲ್ಲಿ ಎಳ್ಳುನೀರು! ಮಾರನೆಯ ದಿನದಿಂದ ಹದದಕ್ಕ ಹಿಂದಿನ ನಲ್ಲಿಯ ಹತ್ತಿರ ಕೂತು ಟ್ರೇ ಉಜ್ಜತೊಡಗಿದಳು. "ಅಕ್ಕ, ಒಲೆ ಹತ್ತಿರ ಬರಬೇಡ, ಉಬ್ಬಿಬಿಡ್ತೀಯ" ಅಂತ ಒಲೆಯವನು ನಗೆಯಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟಕ್ಕೇ ಮುಗಿಯಲಿಲ್ಲ. ನಾವೆಲ್ಲ ಚಹಾ ಕುಡಿಯುವ ಸ್ಟೀಲ್ ಲೋಟಗಳಲ್ಲಿ ಒಂದಕ್ಕೆ ಯಾರೋ ಕೆಂಪು ದಾರ ಕಟ್ಟಿ, ಅದನ್ನು ಅವಳಿಗೆ ಅಂತ ಬೇರೆ ಇಟ್ಟರು. ಅವಳು ಅದರಲ್ಲೇ ಕುಡಿದಳು. ಯಾರು ಕಟ್ಟಿದ್ದು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಇತ್ತ ಬ್ರೆಡ್ಡಿನ ಅವಸ್ಥೆ ಹೇಳತೀರದು. ಒಂದು ದಿನ ಕಲ್ಲು, ಇನ್ನೊಂದು ದಿನ ಹುಳಿ. ಗಿರಾಕಿಗಳು ಮೂಗು ಮುರಿದರು. ಅಳಿಯನ ಪ್ರಕಾರ ತಪ್ಪೆಲ್ಲ ಮೈದಾದ್ದು.

ಕೊಳವೆ ಹಾಕುವ ದಿನ ಅವಳ ಜೊತೆ ಯಾರಾದರೂ ಇರಲೇಬೇಕಿತ್ತು. ಅವಳಿಗೆ ಹಿಂದುಮುಂದು ಯಾರೂ ಇಲ್ಲ, ನಾನೇ ಹೋದೆ. ಒಳಗಿನಿಂದ ಚೂರು ತೆಗೆದು ಪರೀಕ್ಷೆಗೂ ಕಳಿಸಿದರು. ಅದರ ಫಲಿತಾಂಶ ಬಂದ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಇದು ಕ್ರೋನ್ಸ್ ಕಾಯಿಲೆ, ಕರುಳಿನ ಉರಿಯೂತ, ಔಷಧಿಯಿಂದ ಹತೋಟಿಗೆ ಬರುತ್ತದೆ. ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಮತ್ತೆ ರಕ್ತದಲ್ಲಿರೋ ಈಸ್ಟು, ಡಾಕ್ಟ್ರೇ?"

"ಯಾವ ಈಸ್ಟು? ಚೀಟಿಯಲ್ಲಿ ಮೊದಲೇ ಆಂಟಿ ಅಂತ ಇದೆಯಲ್ಲ, ವಿರುದ್ಧ ಅಂತ. ಅಲ್ಲಿರೋದು ಆಂಟಿಬಾಡಿ. ಈಸ್ಟಿನ ವಿರುದ್ಧ ಮೈ ತಾನಾಗೇ ಹುಟ್ಟಿಸಿಕೊಂಡ ಕಾವಲುಗಾರ ಅನ್ನಿ. ಈ ಕಾಯಿಲೆ ಇರೋರಲ್ಲಿ ಅದು ಹೆಚ್ಚಾಗಿ ಕಾಣುತ್ತೆ, ಅದಕ್ಕೇ ನೋಡೋದು. ಆದರೆ ಕಾಯಿಲೆ ಇಲ್ಲದ ಕೆಲವರಲ್ಲೂ ಇರುತ್ತೆ. ಕಾಯಿಲೆ ಇರೋ ಎಷ್ಟೋ ಜನರಲ್ಲಿ ಇರೋದೇ ಇಲ್ಲ. ಅದೊಂದನ್ನೇ ನಂಬಿ ನಾನೇ ಏನೂ ಹೇಳಲ್ಲ. ನಿಮಗ್ಯಾರು ಹೇಳಿದ್ದು?"

ಹದದಕ್ಕ ನಡೆದದ್ದನ್ನೆಲ್ಲ ಹೇಳಿದಳು. ಡಾಕ್ಟರಮ್ಮನ ಮುಖ ಕೆಂಪಾಯಿತು. ಆಗಲೇ ಪತ್ರ ಬರೆದುಕೊಟ್ಟರು: ಇದು ಅಂಟುವುದಿಲ್ಲ, ಮಲ ಪರೀಕ್ಷೆಯಲ್ಲೂ ಯಾವ ಸೋಂಕೂ ಇಲ್ಲ, ಹಿಟ್ಟಿನ ಕೆಲಸಕ್ಕೆ ಅಡ್ಡಿಯಿಲ್ಲ, ಬೇಕೆಂದಾಗ ಕಕ್ಕಸಿಗೆ ಹೋಗಲು ಬಿಡತಕ್ಕದ್ದು.

ಮಾಲೀಕರು ಪತ್ರವನ್ನು ಎರಡು ಸಲ ಓದಿದರು. ಆಮೇಲೆ ರಾಗ ತೆಗೆದರು. "ಆಯ್ತಮ್ಮ. ಆದ್ರೂ ನಾಲ್ಕು ಜನ ಏನಂತಾರೆ? ಒಂದು ಕೆಲಸ ಮಾಡು. ಮೇಜಿನಿಂದ ದೂರ ನಿಂತು ಹದ ಹೇಳು. ಮುಟ್ಟಬೇಡ."

"ಹದ ಕೈಗೆ ಗೊತ್ತಾಗೋದು ಧಣಿ, ಕಣ್ಣಿಗಲ್ಲ," ಅಂದಳು ಹದದಕ್ಕ. ಅವಳ ದನಿ ಅಷ್ಟು ಏರಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ನನ್ನ ರಕ್ತದಲ್ಲಿರೋದು ಕಾಯಿಲೆ ಇಲ್ಲದವರಲ್ಲೂ ಇರುತ್ತಂತೆ. ಹಾಗಾದ್ರೆ ಹಿಟ್ಟು ಮುಟ್ಟೋರದ್ದು, ಬ್ರೆಡ್ ಮುಟ್ಟೋರದ್ದು, ಎಲ್ಲರ ರಕ್ತಾನೂ ತೆಗೆಸಿ. ಮೊದಲು ನಿಮ್ಮದು. ಆಮೇಲೆ ಇವನದ್ದು." ಅಳಿಯನ ಕಡೆ ತಿರುಗಿದಳು. "ಅಲ್ಲಪ್ಪಾ, ದಿನಕ್ಕೆ ಹತ್ತು ಸಲ ನನ್ನನ್ನ ಆಂಟಿ ಆಂಟಿ ಅಂತೀಯ. ಚೀಟಿಯಲ್ಲಿದ್ದ ಆಂಟಿ ಮಾತ್ರ ನಿನ್ನ ಕಣ್ಣಿಗೆ ಬೀಳಲಿಲ್ವಾ?"

ಬ್ರೆಡ್ ಕೊಳ್ಳಲು ನಿಂತಿದ್ದವರು ಗೊಳ್ಳೆಂದು ನಕ್ಕರು. ಅಳಿಯ ಫೋನನ್ನು ಜೇಬಿಗೆ ಇಳಿಸಿದ. ಹದದಕ್ಕ ಕೌಂಟರಿನ ಒಳಗೆ ಹೋಗಿ, ಮೊಳೆಯಿಂದ ಬೀಗದ ಕೈ ತೆಗೆದು, ತನ್ನ ಮೇಜಿನ ಪಕ್ಕದ ಗೋಡೆಗೆ ತೂಗುಹಾಕಿದಳು. ಮಾಲೀಕರು ಬೇಡ ಅನ್ನಲಿಲ್ಲ, ತಪ್ಪಾಯಿತು ಅಂತಲೂ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ. ಅವಳು ಮೊಣಕೈವರೆಗೂ ತೊಳೆದುಕೊಂಡು ಬಂದು ಹಿಟ್ಟಿಗೆ ಕೈಯಿಟ್ಟಳು.

ಚಹಾದ ಹೊತ್ತಿಗೆ ಅವಳೇ ಎಲ್ಲರಿಗೂ ಲೋಟ ಹಂಚಿದಳು. ದಾರ ಕಟ್ಟಿದ್ದ ಲೋಟವನ್ನು ತಂದು ನನ್ನ ಮುಂದೆ ಇಟ್ಟಳು.

ಹೌದು, ಕಟ್ಟಿದವಳು ನಾನೇ. ಮಾಲೀಕರ ಮೇಲೂ ಅಳಿಯನ ಮೇಲೂ ಇಷ್ಟು ಹೊತ್ತು ಹಾರಾಡಿದೆನಲ್ಲ, ಆ ನಾನೇ.

"ಇಪ್ಪತ್ತು ವರ್ಷದಿಂದ ಕವರಿಗೆ ನೀನು ಹಾಕೋ ಗಂಟು ನೋಡ್ತಾ ಇದ್ದೀನಿ. ನಂಗೆ ಗೊತ್ತಾಗಲ್ವೇನೇ?" ಅಂದಳು. "ಕುಡಿ, ಆರಿಹೋಗುತ್ತೆ."

ಕುಡಿದೆ. ಕುಡಿದಾದ ಮೇಲೆ ದಾರ ಬಿಚ್ಚಲು ಹೋದೆ. ನನ್ನದೇ ಗಂಟು, ನನ್ನ ಕೈಗೇ ಬರಲಿಲ್ಲ.