ಹಿಂದಿನ ಚಕ್ರದ ಗಾಳಿ ಕಳ್ಳ

ಗೆಳೆಯರೇ, ನಮ್ಮ ಹೋಟೆಲ್ ಬೈಕಿನ ಗಾಳಿ ಕದಿಯುತ್ತಿದ್ದವರು ಇವತ್ತು ಸಿಕ್ಕಿಬಿದ್ದರು.

ನೋಯ್ಡಾದಲ್ಲಿ ಮನೆಮನೆಗೆ ಊಟ ಮುಟ್ಟಿಸುವುದು ನನ್ನ ಕೆಲಸ. ಬೆಳಿಗ್ಗೆ ಪೆಟ್ರೋಲ್ ಪಂಪಿನಲ್ಲಿ ಸರಿಯಾಗಿ ಗಾಳಿ ತುಂಬಿಸಿ ತಂದರೂ ಮಧ್ಯಾಹ್ನಕ್ಕೆ ಹಿಂದಿನ ಚಕ್ರ ಮೆತ್ತಗಾಗಿರುತ್ತದೆ. ಪಂಕ್ಚರ್ ಇಲ್ಲ, ನೀರಿನಲ್ಲಿ ಮುಳುಗಿಸಿ ನೋಡಿಸಿದ್ದೇನೆ. ನಿನ್ನೆ ತಿರುವಿನಲ್ಲಿ ಬೈಕ್ ವಾಲಿ ಸಾಂಬಾರ್ ಚೆಲ್ಲಿತು. "ಇನ್ನೊಮ್ಮೆ ಚೆಲ್ಲಿದರೆ ಬೈಕ್ ಬೇರೆಯವನಿಗೆ" ಎಂದರು ಧಣಿ.

ನನ್ನ ಅನುಮಾನ ಪಕ್ಕದ ಕಟ್ಟಡದ ಗಾರ್ಡ್ ಮೇಲೆ. ಅವರ ಗೇಟಿನ ಬಳಿ ಬೈಕ್ ನಿಲ್ಲಿಸಿದರೆ ಮುಖ ಗಂಟಿಕ್ಕುತ್ತಾರೆ. ನೇರವಾಗಿ ಕೇಳುವ ಧೈರ್ಯವಿಲ್ಲದೆ, ಇವತ್ತು ಈರುಳ್ಳಿ ಮೂಟೆಗಳ ಹಿಂದೆ ಕೂತು ಕಾದೆ. ಗಾರ್ಡ್ ಕುರ್ಚಿಯಿಂದ ಏಳಲೇ ಇಲ್ಲ. ಬಂದವರು ನಮ್ಮ ಅಡುಗೆ ಭಟ್ಟರು! ಚಕ್ರದ ಪಕ್ಕ ಕೂತು ಕಡ್ಡಿಯಿಂದ ವಾಲ್ವ್ ಒತ್ತಿ ಗಾಳಿ ಬಿಡತೊಡಗಿದರು.

"ಭಟ್ಟರೇ, ಎಂತ ಮಾಡ್ತಿದ್ದೀರಿ?"

"ಈ ಬಿಸಿಲಿಗೆ ಟೈರ್ ಒಡೆದರೆ ನಿನ್ನ ಅಮ್ಮನಿಗೆ ನಾನು ಎಂತ ಹೇಳುವುದು ಮಾರಾಯ? ಕುಕ್ಕರಿನ ಆವಿ ಬಿಡುವುದಿಲ್ವಾ, ಹಾಗೆ."

"ಗಾಳಿ ಕಡಿಮೆಯಾದರೇ ಟೈರ್ ಜಾಸ್ತಿ ಬಿಸಿಯಾಗುವುದಂತೆ. ಪಂಪಿನವರು ಹೇಳಿದ್ದಾರೆ."

"ಗಾಳಿ ತುಂಬುವವರು ಮತ್ತೆ ಬೇರೆ ಎಂತ ಹೇಳ್ತಾರೆ?" ಎಂದು ಭಟ್ಟರು ನನ್ನನ್ನೇ ಅನುಮಾನದಿಂದ ನೋಡಿದರು.

ಅವರು ಹಟ ಬಿಡುವವರಲ್ಲ. ಹಾಗಾಗಿ ನಾಳೆಯಿಂದ ಬೈಕನ್ನು ಗಾರ್ಡ್ ಕುರ್ಚಿಯ ಪಕ್ಕದಲ್ಲೇ ನಿಲ್ಲಿಸುತ್ತೇನೆ. ದಿನಕ್ಕೊಂದು ಪ್ಲೇಟ್ ಇಡ್ಲಿ ಕೊಟ್ಟರೆ ಕಾಯುವುದಾಗಿ ಗಾರ್ಡ್ ಒಪ್ಪಿದ್ದಾರೆ.

ಇಡ್ಲಿ ಭಟ್ಟರದ್ದೇ.