ಇವರು ಎಂಬ ಗುಡ್ಡಪ್ಪ

ಮಾಸೂರಿನ ಗುಡ್ಡಪ್ಪನ ತಲೆ ಒಡೆದದ್ದು ಮೂವತ್ತೆಂಟನೆಯ ಇಸವಿಯಲ್ಲಿ, ಭತ್ತಕ್ಕೆ ನೀರು ಬಿಡುವ ಹೊತ್ತಿನಲ್ಲಿ. ಮದಗದ ಕೆರೆಯ ತೂಬು ತೆಗೆಯುವ ಚಾಕರಿ ಅವನಿಗೆ ಅಪ್ಪನಿಂದ ಬಂದದ್ದು. ನಾಲ್ಕು ಮಂದಿ ಸೇರಿ ಎತ್ತುವ ತೂಬಿನ ಕಂಬವನ್ನು ತಾನೊಬ್ಬನೇ ಎತ್ತುತ್ತೇನೆಂದು ಜಂಬ ಕೊಚ್ಚಿದ. ಎತ್ತಿಯೂ ಎತ್ತಿದ. ಇಳಿಸುವಾಗ ಕಂಬ ಜಾರಿ ಎಡಗಿವಿಯ ಮೇಲೆ ಬಡಿಯಿತು.

ಚಕ್ಕಡಿಯಲ್ಲಿ ಹಾಕಿಕೊಂಡು ಹಿರೇಕೆರೂರಿನ ದವಾಖಾನೆಗೆ ಒಯ್ದರು. ಎಂಟು ದಿನ ಕಣ್ಣು ಬಿಡಲಿಲ್ಲ. ಕಣ್ಣು ಬಿಟ್ಟಾಗ ಬಲಗೈ ಒದ್ದೆ ಅರಿವೆಯಂತೆ ಜೋತುಬಿದ್ದಿತ್ತು. ಬಾಯಲ್ಲಿ ಉಳಿದದ್ದು ಒಂದೇ ಶಬ್ದ, ಅದೂ ಬೈಗುಳ: "ಬಾಡ್ಯಾ."

ಹಸಿವಾದರೆ ಬಾಡ್ಯಾ, ನೀರು ಬೇಕಾದರೆ ಬಾಡ್ಯಾ. ವಿಭೂತಿ ಹಚ್ಚಲು ಬಂದ ಅಯ್ಯನವರಿಗೂ ಕೈ ಮುಗಿದು, ಬಹಳ ಭಕ್ತಿಯಿಂದ, "ಬಾಡ್ಯಾ" ಎಂದ. ಅಯ್ಯನವರು ದಕ್ಷಿಣೆ ತೆಗೆದುಕೊಂಡೇ ಸಿಟ್ಟಾಗಿ ಹೋದರು. ಊರಿನ ಮಂದಿ ಬೇಕೆಂದೇ ಬಂದು ಬೈಸಿಕೊಂಡು ನಗುತ್ತಿದ್ದರು. ಅಂಥವರ ಮೇಲೆ ನನಗೆ ಈಗಲೂ ಸಿಟ್ಟಿದೆ. ನಕ್ಕವರಲ್ಲಿ ನಾನೂ ಒಬ್ಬ, ಆ ಮಾತು ಬೇರೆ.

ನಗದವಳು ಹೆಂಡತಿ ಮಹಾದೇವಕ್ಕ ಒಬ್ಬಳೇ. ಅವಳು ಗಂಡನನ್ನು ಒಲೆಯ ಮುಂದೆ ಕೂಡಿಸಿ, ಜೋತುಬಿದ್ದ ಕೈಯಿಂದಲೇ ಜೋಳದ ಹಿಟ್ಟು ನಾದಿಸಿದಳು, ರೊಟ್ಟಿ ಬಡಿಯಲು ಹಚ್ಚಿದಳು. ಹೊಟ್ಟೆಗೆ ಬೇಕಿದ್ದರೆ ಬಡಿಯಬೇಕು, ಇಲ್ಲದಿದ್ದರೆ ಉಪವಾಸ. ತಾಳಿ ಕಟ್ಟಿಸಿಕೊಂಡವಳಿಗೆ ಇಷ್ಟು ಕಲ್ಲು ಮನಸ್ಸೇ ಎಂದು ಓಣಿಯ ಹೆಂಗಸರು ಗಲ್ಲಕ್ಕೆ ಬೆರಳಿಟ್ಟುಕೊಂಡರು. ಆರು ತಿಂಗಳಿಗೆ ಆ ಕೈ ರೊಟ್ಟಿಯನ್ನು ತೆಳ್ಳಗೆ ಬಡಿಯತೊಡಗಿತು, ಕೊಡವನ್ನೂ ಎತ್ತಿತು.

ಮಾತೂ ಅವಳೇ ಕಲಿಸಿದ್ದು. ಒಂದೊಂದನ್ನೇ ತೋರಿಸಿ, "ಇದು ಚರಗಿ. ಇದು ಬುಟ್ಟಿ. ಇದು ಬೆಕ್ಕ" ಎನ್ನುವಳು. ಅವನೂ ಎನ್ನುವನು. ಕೊನೆಗೆ ಅವನ ಎದೆಗೆ ಬೆರಳಿಟ್ಟು, "ಇವ್ರು" ಎನ್ನುವಳು. ಗಂಡನ ಹೆಸರು ಹೇಳುವುದುಂಟೇ? ಗುಡ್ಡಕ್ಕೆ ದನ ಹೊಡೆಯುವುದನ್ನೂ "ಮ್ಯಾಲ ಹೊಡೀರಿ" ಎನ್ನುತ್ತಿದ್ದ ಹೆಂಗಸು ಅವಳು. ಹೀಗಾಗಿ ಚರಗಿ ಚರಗಿಯಾಯಿತು, ಬೆಕ್ಕು ಬೆಕ್ಕಾಯಿತು, ಗುಡ್ಡಪ್ಪ "ಇವರು" ಆದ. ನಾವು ಗುಡ್ಡಪ್ಪಾ ಎಂದು ಕೂಗಿದರೆ, ಯಾರು ಬಂದರೆಂದು ಹಿಂದಕ್ಕೆ ತಿರುಗಿ ನೋಡುತ್ತಿದ್ದ.

ಇದೇ ಸಮಯ ಸಾಧಿಸಿ ಅವನ ಕಾಕಾನ ಮಗ ಬಸವಣ್ಣೆಪ್ಪ, ತಲೆಕೆಟ್ಟವನ ಕೈಯಲ್ಲಿ ತೂಬು ಇದ್ದರೆ ಪೈರು ಕೊಚ್ಚಿ ಹೋಗುತ್ತದೆ, ಚಾಕರಿ ತನಗೆ ಕೊಡಿ ಎಂದು ಅರ್ಜಿ ಹಾಕಿದ. ಮಾಮಲೇದಾರರು ಎಲ್ಲರನ್ನೂ ಹಿರೇಕೆರೂರಿನ ಕಚೇರಿಗೆ ಕರೆಸಿದರು. ತೂಬು ಹೋದರೆ ಗುಡ್ಡಪ್ಪ ಸಾಯುವತನಕ ರೊಟ್ಟಿ ಬಡಿಯುತ್ತ ಕೂಡಬೇಕಿತ್ತು. ದಾರಿಯುದ್ದಕ್ಕೂ ಮಹಾದೇವಕ್ಕ ಹೇಳಿಕೊಟ್ಟದ್ದು ಒಂದೇ, ಸಾಹೇಬರ ಮುಂದೆ ಆ ಕೆಟ್ಟ ಶಬ್ದ ಬೇಡ ಎಂದು.

"ನಿನ್ನ ಹೆಸರೇನಪಾ?" ಎಂದು ಮಾಮಲೇದಾರರು ಕೇಳಿದರು.

ಗುಡ್ಡಪ್ಪ ಎದೆ ಮುಟ್ಟಿಕೊಂಡು, ಮರ್ಯಾದೆಯಿಂದ, "ಇವ್ರು" ಎಂದ.

ಕಚೇರಿಯೇ ನಕ್ಕಿತು. ಬಸವಣ್ಣೆಪ್ಪ ಮುಂದೆ ಬಂದು, "ನೋಡ್ರಿ ಸಾಹೇಬ್ರ, ತನ್ನ ಹೆಸರ ಗೊತ್ತಿಲ್ದವ ತೂಬ ಏನ ತಗೀತಾನು?" ಎಂದ.

ಮಾಮಲೇದಾರರು ಮಹಾದೇವಕ್ಕನ ಕಡೆ ತಿರುಗಿದರು. "ನೀ ಏನಂತ ಕಲಿಸಿದೆವ್ವಾ? ಹೆಸರ ಹೇಳು."

ಅವಳ ಮುಖ ಕೆಂಪಾಯಿತು. ಗಂಡನ ಹೆಸರನ್ನು ಪದ್ಯದಲ್ಲಿ ಅಡಗಿಸಿ ಒಡಪು ಕಟ್ಟಿ ಹೇಳಬಹುದಿತ್ತು. ಮದುವೆಮನೆಯಲ್ಲಾದರೆ ಅವಳಿಗೆ ಹತ್ತು ಒಡಪು ಬರುತ್ತಿದ್ದವು. ಇಲ್ಲಿ ಒಂದೂ ನೆನಪಾಗಲಿಲ್ಲ. ಸಾಹೇಬರು ಲೇಖನಿ ಎತ್ತಿಕೊಂಡರು. ಬಸವಣ್ಣೆಪ್ಪ ಮೀಸೆಯಲ್ಲೇ ನಗುತ್ತಿದ್ದ. ಅವಳು ಗಂಡನ ತೋಳು ಹಿಡಿದು ಅಲುಗಾಡಿಸಿ, ಕಚೇರಿ ಹಾರಿಹೋಗುವಂತೆ ಕೂಗಿದಳು:

"ಗುಡ್ಡಪ್ಪ! ಗುಡ್ಡಪ್ಪ ಅಂತ ಹೇಳ್ರಿ!"

ಗುಡ್ಡಪ್ಪ ಬೆಚ್ಚಿಬಿದ್ದ. ಕಣ್ಣು ದೊಡ್ಡವಾದವು, ಮೂಗಿನ ಹೊಳ್ಳೆ ಅರಳಿದವು.

"ಏನಂದಿ? ನಾಕ ಮಂದಿ ಮುಂದ ಗಂಡನ ಹೆಸರ ಹಿಡೀತಿ? ಮಾನ ಮರ್ಯಾದಿ ಏನರ ಐತಿಲ್ಲ ನಿನಗ?"

ತಲೆ ಒಡೆದ ಮೇಲೆ ಅವನ ಬಾಯಿಂದ ಹೊರಟ ಮೊದಲ ಪೂರ್ತಿ ಮಾತು ಅದು. ಯಾರೂ ನಗಲಿಲ್ಲ.

"ಆಕಿ ಯಾರ ಹೆಸರ ಹಿಡಿದ್ಲು?" ಎಂದು ಮಾಮಲೇದಾರರು ಮೆಲ್ಲಗೆ ಕೇಳಿದರು.

"ನಂದ್ರಿ! ಮತ್ಯಾರದು? ನಾ ಗುಡ್ಡಪ್ಪ, ತೂಬಿನ ಗುಡ್ಡಪ್ಪ!" ಎಂದವನೇ ಬಸವಣ್ಣೆಪ್ಪನನ್ನು ಕಂಡು ಸೇರಿಸಿದ: "ಇವ ಬಾಡ್ಯಾ."

"ತಲಿ ನೆಟ್ಟಗೈತಿ," ಎಂದು ಮಾಮಲೇದಾರರು ಅರ್ಜಿಯನ್ನು ಅತ್ತ ಸರಿಸಿದರು. "ಗಂಡಸಿನ ತಲಿ ಎಷ್ಟ ನೆಟ್ಟಗಿರತೈತೊ, ಅಷ್ಟ."

ಊರಿಗೆ ಹೊರಟಾಗ ಮಹಾದೇವಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಗುಡ್ಡಪ್ಪ ಮುಂದೆ ನಡೆಯುತ್ತ ಅವಳನ್ನು, ಅವಳ ತವರನ್ನು, ಹೆಣ್ಣುತನ ಕಲಿಸದ ಅವಳ ತಾಯಿಯನ್ನು ಒಂದೇ ಸಮ ಬೈಯುತ್ತಿದ್ದ. ಒಂದೊಂದು ಹರದಾರಿಗೂ ಹೊಸ ಹೊಸ ಶಬ್ದಗಳು ಬರುತ್ತಿದ್ದವು. ಎಲ್ಲಾದರೂ ಅವನು ಸುಮ್ಮನಾದರೆ, ಹಿಂದಿನಿಂದ ಅವಳು ಮೆಲ್ಲಗೆ ಇನ್ನೊಮ್ಮೆ "ಗುಡ್ಡಪ್ಪ" ಎನ್ನುತ್ತಿದ್ದಳು.