ಸಿಟ್ಟು ಕೇಳುತ್ತಿದ್ದ ಸಂಪಾದಕರು

ಸಾವಿನ ಮನೆಯಲ್ಲಿ ಎಲ್ಲರೂ ದನಿ ತಗ್ಗಿಸಿದರೆ, ಭೀಮರಾಯರು ಸಂತೆಯಲ್ಲಿ ನಿಂತವರಂತೆ ಕೇಳುತ್ತಿದ್ದರು: "ಇವರಿಗೆ ಯಾವುದರ ಮ್ಯಾಲ ಸಿಟ್ಟು ಬರ್ತಿತ್ತ್ರಿ?" ಮೊದಲ ಸಲ ಜೊತೆಗೆ ಹೋದಾಗ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತ್ತು.

ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಿಂದ ರಾಯರು ಕನ್ನಡ ವಾರಪತ್ರಿಕೆ ನಡೆಸುತ್ತಿದ್ದರು. ನಾನು ಪುಟ ಕಟ್ಟುತ್ತಿದ್ದೆ. ರಾಯಚೂರು, ಯಾದಗಿರಿ ಕಡೆಯಿಂದ ಈ ತೆಲುಗು ನಗರಕ್ಕೆ ದುಡಿಯಲು ಬಂದವರು ಅದನ್ನು ಹಿಂದಿನಿಂದ ಓದುತ್ತಿದ್ದರು. ನಿಧನದ ಪ್ರಕಟಣೆಗಳು ಕೊನೆಯ ಪುಟದಲ್ಲಿರುತ್ತಿದ್ದವು. ಪತ್ರಿಕೆ ಉಸಿರಾಡುತ್ತಿದ್ದದ್ದೂ ಅವುಗಳ ಹಣದಿಂದಲೇ.

ರಾಜ್ಯ ಸರ್ಕಾರ ಪತ್ರಿಕೆಗಳ ಜಾಹೀರಾತಿಗೆ ತೆರಿಗೆ ಹಾಕಿದಾಗ ಈ ಪ್ರಕಟಣೆಗಳೂ ಅದರಲ್ಲಿ ಸೇರಿದವು. ಸಾವು ಜಾಹೀರಾತಲ್ಲ, ಸುದ್ದಿ ಎಂದು ರಾಯರು ತೆರಿಗೆ ಕಚೇರಿಯಲ್ಲಿ ಜಗಳ ತೆಗೆದರು. ಸುದ್ದಿಯಾದರೆ ನೀವೇ ಹೋಗಿ ಬರೆಯಬೇಕಲ್ಲ ಎಂದು ಅಧಿಕಾರಿ ನಕ್ಕರಂತೆ. ರಾಯರದು ಮೊದಲೇ ಹಟಮಾರಿ ಜೀವ. ಮರುದಿನದಿಂದ ಕಾಸು ಮುಟ್ಟದೆ ಸಾವಿನ ಮನೆಗಳಿಗೆ ಹೊರಟರು.

"ಬಂಗಾರದಂಥಾ ಮನಷ್ಯಾ ಅಂತ ಬರೀಬ್ಯಾಡ," ಎಂದು ನನಗೆ ಪಾಠ ಹೇಳಿದರು. "ಸತ್ತ ಮ್ಯಾಲ ಎಲ್ಲಾರೂ ಬಂಗಾರನ. ಸಿಟ್ಟು ಕೇಳು, ಮನಷ್ಯಾ ಸಿಗ್ತಾನ."

ಶಂಶಾಬಾದಿನಲ್ಲಿ ತೀರಿಕೊಂಡ ಗಾರೆ ಕೆಲಸದವನೊಬ್ಬನಿಗೆ, ಜೋಳದ ರೊಟ್ಟಿಯನ್ನು ಮುರಿಯದೆ ಕತ್ತರಿಸಿದರೆ ಸಿಟ್ಟು ಬರುತ್ತಿತ್ತಂತೆ. ಅಷ್ಟನ್ನೇ ಹಾಕಿದೆವು. ಓದಿಸಿಕೊಂಡ ಅವನ ಹೆಂಡತಿ ಅಳುತ್ತಲೇ ನಕ್ಕಳು.

ಆದರೆ ಹಣವಿಲ್ಲದೆ ಪುಟಗಳು ಕಡಿಮೆಯಾದವು, ಮುದ್ರಕರು ಮುಖ ತಿರುಗಿಸಿದರು. ಪತ್ರಿಕೆ ಮುಚ್ಚಬೇಕೇನೋ ಎನ್ನುವಾಗ, ದೊಡ್ಡ ಪತ್ರಿಕೆಗಳು ಹೂಡಿದ್ದ ದಾವೆಯಲ್ಲಿ ಹೈಕೋರ್ಟಿನ ತೀರ್ಪು ಬಂತು. ಪತ್ರಿಕೆಗಳನ್ನೇ ಆರಿಸಿ ಹೊರಿಸಿದ ಈ ತೆರಿಗೆ ಪತ್ರಿಕಾ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ನ್ಯಾಯಾಲಯ ಅದನ್ನು ರದ್ದು ಮಾಡಿತ್ತು. ರಾಯರು ಆ ದಾವೆಯಲ್ಲಿ ಎಲ್ಲೂ ಇರಲಿಲ್ಲ. ಆದರೂ ಅಬಿಡ್ಸ್‌ನಿಂದ ಮಿಠಾಯಿ ತಂದು ತಾವೇ ಗೆದ್ದವರಂತೆ ಹಂಚಿದರು. ಇನ್ನು ಸಾವಿನ ಮನೆಗಳಿಗೆ ಅಲೆಯುವುದು ತಪ್ಪಿತಲ್ಲ ಎಂದೆ.

"ರೊಕ್ಕ ತೊಗೊಳ್ಳೋಣು," ಎಂದರು. "ಕೇಳೋದು ಮಾತ್ರ ಬಿಡಾಂಗಿಲ್ಲ."

ಪತ್ರಿಕೆ ಉಳಿಯಿತು, ಪ್ರಶ್ನೆಯೂ ಉಳಿಯಿತು.

ಹೋದ ಚಳಿಗಾಲದಲ್ಲಿ ರಾಯರು ನಿದ್ದೆಯಲ್ಲೇ ತೀರಿಕೊಂಡರು. ಅಂದೇ ಅವರ ಮನೆಗೆ ಹೋಗಿ ಕೂತೆ. ಆ ಪ್ರಶ್ನೆ ಕೇಳದೆ ಎದ್ದು ಬಂದರೆ ಅವರೇ ಬೈದಾರು ಎನಿಸಿ, ಅವರ ಹೆಂಡತಿ ಅನಸೂಯಾಬಾಯಿಯವರನ್ನು ಕೇಳಿಯೇಬಿಟ್ಟೆ.

"ಚಾ ಆರಾಕತ್ತೈತಿ, ಏಳ್ರಿ ಅಂದ್ರ ಸಿಟ್ಟು ಬರ್ತಿತ್ತು," ಎಂದರು. "ಇವತ್ತ ಮುಂಜಾನೆನೂ ಅಂದೆ. ಸಿಟ್ಟಾಗಲಿಲ್ಲ."